ಗಿಡುಗಕ್ಕೆ ಬಿಟ್ಟ ಚೌಕ

ಏಪ್ರಿಲ್ 9

ಸಂಜೆ ಆರೂವರೆ. ಇವತ್ತು ಎರಡು ಪ್ಯಾಂಟಿನ ಕಾಲು ಗಿಡ್ಡ ಮಾಡಿದೆ, ಒಂದು ಜಾಕೆಟ್ಟಿಗೆ ಜಿಪ್ ಹಾಕಿದೆ, ಅಣ್ಣನ ಕೋಣೆಯ ಬೀಗ ತೆಗೆದೆ.

ತೆಗೆದದ್ದು ನಾನಾಗಿ ಅಲ್ಲ. ತಮ್ಮ ಬಂದು ಬಾಗಿಲಲ್ಲೇ ನಿಂತು, "ಅಕ್ಕಾ, ಕೋಣೆ ಬಾಡಿಗೆಗೆ ಕೇಳ್ತಿದ್ದಾರೆ. ಬೇಸಿಗೆ ಮುಗಿಯೋವರೆಗೆ ಅಷ್ಟೇ" ಅಂದ.

"ಯಾರು?"

"ಹಕ್ಕಿ ಓದೋರಂತೆ."

ಹಕ್ಕಿಯಲ್ಲಿ ಓದುವುದೇನಿದೆ ಎಂದು ಕೇಳುವಷ್ಟು ಮಾತು ನನ್ನಲ್ಲಿರಲಿಲ್ಲ. ಬೀಗದ ಕೈ ಚಾಚಿದೆ. ಅವನು ತೆಗೆದುಕೊಳ್ಳಲಿಲ್ಲ. "ನೀನೇ ತೆಗಿ" ಅಂದು ಗೋಡೆ ನೋಡುತ್ತ ನಿಂತ.

ಚಳಿಗಾಲದಲ್ಲಿ ಅಣ್ಣ ತೀರಿಹೋದ ಮೇಲೆ ಮುಚ್ಚಿದ್ದ ಕೋಣೆ. ಮಂಚ, ಮೇಜು, ಗೂಟದಲ್ಲಿ ಕೋಟು, ಹೊಲದ ಕಡೆಗೊಂದು ಕಿಟಕಿ. ಕಿಟಕಿ ತೆರೆಯಲಿಲ್ಲ. ಅಂಗಿಗಳನ್ನೆಲ್ಲ ಗಂಟು ಕಟ್ಟಿ ತಮ್ಮನಿಗೆ ಕೊಟ್ಟು, ಟ್ರ್ಯಾಕ್ಟರ್ ಒರೆಸಲು ಆಗುತ್ತದೆ ಅಂದೆ. ಕೋಟನ್ನು ಮಾತ್ರ ನನ್ನ ಕೋಣೆಗೆ ತಂದೆ. ಅಣ್ಣನಿಗೆ ಚಳಿ ಜಾಸ್ತಿ.

ಏಪ್ರಿಲ್ 10

ಹಕ್ಕಿ ಓದುವವರು ಬಂದರು. ದಪ್ಪ ಕನ್ನಡಕದ ಗಂಡಸೊಬ್ಬರನ್ನು ಎದುರು ನೋಡುತ್ತಿದ್ದೆ. ತೆಳ್ಳನೆಯ ಹೆಣ್ಣುಮಗಳು. ಬೂಟಿನ ತುಂಬ ಕೆಸರು. ಬೂಟನ್ನು ಹೊರಗೇ ಬಿಟ್ಟರು. ಒಳ್ಳೆಯದಾಯಿತು. ಚಹಾ ಕೊಟ್ಟೆ.

ಏಪ್ರಿಲ್ 22

ಮಧ್ಯಾಹ್ನ ಮೂರು. ಮಳೆ. ಗಿರಾಕಿಗಳಿಲ್ಲ.

ಹಕ್ಕಿ ಓದುವ ಮೇಡಂ ಗುಂಡುಸೂಜಿ ಕೇಳಿಕೊಂಡು ಬಂದರು. "ಅಕ್ಕಾ, ಬಣ್ಣದ ತಲೆ ಇರೋ ಸೂಜಿ ಇದ್ಯಾ? ಆಮೇಲೆ ಸ್ವಲ್ಪ ಕೆಂಪು ದಾರ." ಯಾರ ಬಟ್ಟೆಗೆ ಎಂದು ಕೇಳಿದ್ದಕ್ಕೆ, "ಬಟ್ಟೆಗಲ್ಲ, ಗೋಡೆಗೆ. ಬನ್ನಿ ತೋರಿಸ್ತೀನಿ" ಅಂದರು.

ಅಣ್ಣನ ಮಂಚದ ಮೇಲಿನ ಗೋಡೆಗೆ ಸುತ್ತಮುತ್ತಲಿನ ಹೊಲಗಳ ದೊಡ್ಡ ನಕ್ಷೆ ಅಂಟಿಸಿದ್ದಾರೆ. ಇಲ್ಲಿ ಒಂದು ಗಂಡು ಗಿಡುಗಕ್ಕೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ಯಂತ್ರ ಕಟ್ಟಿದ್ದಾರಂತೆ, ಶಾಲೆ ಮಕ್ಕಳ ಬೆನ್ನಿನ ಚೀಲದ ಹಾಗೆ. ಅದು ಎಲ್ಲೆಲ್ಲಿ ಹೋಯಿತು ಎಂಬುದು ಇವರ ಕಂಪ್ಯೂಟರಿಗೆ ಬರುತ್ತದೆ. ಆ ಜಾಗಕ್ಕೆಲ್ಲ ಸೂಜಿ ಚುಚ್ಚಿ, ಎಲ್ಲಕ್ಕಿಂತ ಹೊರಗಿನ ಸೂಜಿಗಳನ್ನು ಸುತ್ತಿ ದಾರ ಕಟ್ಟಿದರೆ ಅದು ಆ ವಾರ ಗಿಡುಗದ ಓಡಾಟದ ಎಲ್ಲೆ.

"ಸೊಂಟದ ಅಳತೆ ತೆಗೆದ ಹಾಗೆ" ಅಂದೆ.

"ಹಾಗೇ ಅಕ್ಕ. ಕೆಲವು ಹಕ್ಕಿಗೆ ಸಣ್ಣ ಸೊಂಟ, ಕೆಲವಕ್ಕೆ ಊರಗಲ. ಯಾಕೆ ಅನ್ನೋದೇ ನನ್ನ ಪಾಠ. ಸುತ್ತ ಏನು ಬೆಳೀತಾರೆ, ಯಾವಾಗ ಕುಯ್ತಾರೆ, ಹುಲ್ಲು ಎಷ್ಟು ಬಿಡ್ತಾರೆ, ಅದರ ಮೇಲೆ ನಿಂತಿದೆ."

ಅವರು ದಾರ ಕಟ್ಟುವ ರೀತಿ ನೋಡಲಾಗಲಿಲ್ಲ, ಎಲ್ಲ ಜೋಲು. ಈಸಿಕೊಂಡು ನಾನೇ ಬಿಗಿಯಾಗಿ ಕಟ್ಟಿಕೊಟ್ಟೆ. ಅಣ್ಣನ ಗೋಡೆಗೆ ಸೂಜಿ ಚುಚ್ಚಿದರಲ್ಲ ಎಂದು ಬೇಜಾರಾಗಬೇಕಿತ್ತು. ಸೂಜಿ ನನ್ನದೇ ಆದ್ದರಿಂದಲೋ ಏನೋ, ಆಗಲಿಲ್ಲ.

ಮೇ 8

ಸಂಜೆ ಏಳು. ಗಿಡುಗ ನಮ್ಮ ಗೋಧಿಯಲ್ಲಿ ಗೂಡು ಮಾಡಿದೆ.

ಮೇಡಂ ಒಂದೇ ಬೂಟು ಹಾಕಿಕೊಂಡು ಓಡಿಬಂದಾಗ ಯಾರಿಗೋ ಏನೋ ಆಯಿತು ಅಂದುಕೊಂಡೆ. ಇನ್ನೊಂದು ಬೂಟು ಹೊಲದ ಕೆಸರಿನಲ್ಲಿ ಕೂತಿತ್ತಂತೆ. ಈ ಜಾತಿಯ ಗಿಡುಗ ಮರ ಹತ್ತುವುದಿಲ್ಲವಂತೆ. ನೆಲದ ಮೇಲೆ, ನಿಂತ ಪೈರಿನ ನಡುವೆ ಹುಲ್ಲು ಹಾಸಿ ಮೊಟ್ಟೆ ಇಡುತ್ತದಂತೆ.

ತಮ್ಮನನ್ನು ಕರೆಸಿದೆವು. ಅಣ್ಣನ ಹೊಲ ಈಗ ಅವನ ಕೈಯಲ್ಲಿದೆ. ತಲೆ ಮೇಲೆ ಕೈ ಇಟ್ಟುಕೊಂಡ.

"ಇಷ್ಟು ದೊಡ್ಡ ಲೋಕದಲ್ಲಿ ಇವಕ್ಕೆ ನನ್ನ ಗೋಧೀನೇ ಬೇಕಿತ್ತಾ ಮೇಡಂ?"

"ನಿಮ್ಮ ಗೋಧಿ ಬೇಗ ಎತ್ತರ ಬಂದಿದೆ. ಅದಕ್ಕೇ ಆರಿಸಿಕೊಂಡಿವೆ."

"ಹೊಗಳಿದ್ದಾ, ಬೈದದ್ದಾ ಇದು?"

"ಮರಿ ಹಾರೋದು ಜುಲೈ ನಡುವಿಗೆ" ಎಂದು ಮೇಡಂ ಮೆಲ್ಲಗೆ ಹೇಳಿದರು. ತಮ್ಮ ನಗುವುದು ನಿಲ್ಲಿಸಿದ. ಈ ಚಳಿ ಸೀಮೆಯಲ್ಲಿ ಗೋಧಿ ಅದಕ್ಕೆ ಸ್ವಲ್ಪ ಮುಂಚೆಯೇ ಕುಯಿಲಿಗೆ ಬರುತ್ತದೆ. ಮಷೀನಿನ ಹಲ್ಲಿಗೆ ತೆನೆ ಯಾವುದು, ಮರಿ ಯಾವುದು.

ಅವರಿಬ್ಬರೂ ಹೋಗಿ ನೋಡಿ ಬಂದರು. ನಾನು ಹೋಗಲಿಲ್ಲ. ಅಣ್ಣ ಇಲ್ಲದ ಹೊಲಕ್ಕೆ ನನಗೇನು ಕೆಲಸ? ಆದರೆ ಚಹಾ ಲೋಟ ತರಲು ಕೋಣೆಗೆ ಹೋದಾಗ ಕಿಟಕಿಯ ಗಾಜಿನಲ್ಲಿ ಕಂಡಿತು. ಬೂದು ಬಣ್ಣದ ಗಂಡು ಕಾಲಿನಲ್ಲಿ ಇಲಿ ಹಿಡಿದು ಬಂತು. ಕಂದು ಹೆಣ್ಣು ಪೈರಿನಿಂದೆದ್ದು ಅದರ ಕೆಳಗೆ ಹಾರಿತು. ಗಂಡು ಇಲಿಯನ್ನು ಮೇಲಿನಿಂದ ಬಿಟ್ಟಿತು, ಹೆಣ್ಣು ಗಾಳಿಯಲ್ಲೇ ಅಂಗಾತ ತಿರುಗಿ ಕಾಲಲ್ಲಿ ಹಿಡಿಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು.

ತಮ್ಮ ಗಂಡಿಗೆ ಬೂದಪ್ಪ, ಹೆಣ್ಣಿಗೆ ಕಂದಕ್ಕ ಎಂದು ಹೆಸರಿಟ್ಟು ಹೋದ.

ಮೇ 9

ಇಡೀ ದಿನ ಹೊಲಿಗೆ. ಬರೆಯುವಂಥದ್ದೇನಿಲ್ಲ. ಬೂದಪ್ಪ ಎರಡು ಸಲ ಬಂದ.

ಮೇ 31

ದಾರ ಸಾಲುತ್ತಿಲ್ಲ.

ತಿಂಗಳ ಮೊದಲಲ್ಲಿ ಬೂದಪ್ಪನ ಎಲ್ಲೆ ನನ್ನ ಅಂಗೈಯಷ್ಟಿತ್ತು. ಈಗ ಹೊಳೆ ದಾಟಿ, ಇಟ್ಟಿಗೆ ಗೂಡುಗಳನ್ನು ದಾಟಿ ಹೋಗುತ್ತಿದ್ದಾನೆ. ಹೋಗಿ ಬರಲು ಹೊತ್ತಾಗುತ್ತದೆ. ಕಂದಕ್ಕ ಮೊಟ್ಟೆ ಬಿಟ್ಟು ಏಳುವಂತಿಲ್ಲ, ಅವನು ತಂದು ಹಾಕಿದ್ದೇ ಅವಳ ಊಟ.

ಚಹಾ ಕುಡಿಯುವಾಗ ತಮ್ಮ ಕೇಳಿದ, "ಇಲ್ಲೇ ಮೂಗಿನ ಕೆಳಗೆ ನನ್ನ ಹೊಲದಲ್ಲಿ ಇಲಿ ಪೇಟೆ ಕಟ್ಟಿವೆ. ಆ ಮಹಾರಾಯ ಹೊಳೆಯಾಚೆ ಯಾಕೆ ಹೋಗ್ತಾನೆ?"

"ಇಲಿ ಇದ್ರೆ ಸಾಲದು, ಕಾಣಬೇಕು" ಅಂದರು ಮೇಡಂ. "ಗೋಧಿ ಸೊಂಟದೆತ್ತರ ಆಗಿದೆ. ಒಳಗೆ ಇಲಿ ಮದುವೆ ನಡೆದ್ರೂ ಮೇಲಿಂದ ಕಾಣಲ್ಲ. ಹೊಳೆಯಾಚೆ ದನಕ್ಕೆ ಹುಲ್ಲು ಕುಯ್ತಿದ್ದಾರೆ, ನೆಲ ಬಯಲಾಗಿದೆ. ಅದಕ್ಕೇ ಅಲ್ಲಿಗೆ." ಆಮೇಲೆ ನನ್ನ ಕಡೆ ತಿರುಗಿ, "ಅಕ್ಕಾ, ಕಾಲುವೆ ಪಕ್ಕ ಉಳದೇ ಇರೋ ಒಂದು ಪಟ್ಟಿ ಇದೆಯಲ್ಲ, ನಿಮ್ಮಣ್ಣ ಅದನ್ನ ಹಕ್ಕಿಗಳಿಗೋಸ್ಕರ ಬಿಟ್ಟಿದ್ರಾ?" ಎಂದು ಕೇಳಿದರು.

ತಮ್ಮನಿಗೆ ಚಹಾ ನೆತ್ತಿಗೇರಿತು. "ಹಕ್ಕಿಗಲ್ಲ ಮೇಡಂ, ನಿದ್ದೆಗೆ! ಮಧ್ಯಾಹ್ನ ಬ್ರೆಡ್ಡು ತಿಂದು ಟೋಪಿ ಮುಖಕ್ಕೆ ಮುಚ್ಚಿಕೊಂಡು ಅಲ್ಲಿ ಉರುಳಿಕೊಂಡ್ರೆ ನಾಲ್ಕು ಗಂಟೆಗೆ ಏಳೋದು. ಸುತ್ತಲಿನವರೆಲ್ಲ ಅದಕ್ಕೆ ಸೋಮಾರಿ ಪಟ್ಟಿ ಅಂತಲೇ ಅನ್ನೋದು. ಕೇಳಿದ್ರೆ, ಭೂಮಿಗೂ ಸ್ವಲ್ಪ ವಿಶ್ರಾಂತಿ ಬೇಡ್ವೇನೋ ಅನ್ನೋನು."

ನಗು ಬಂತು. ನನಗೂ.

ಆ ಪಟ್ಟಿಯ ಹುಲ್ಲು ಅರ್ಧ ಕುಯ್ದು ಅರ್ಧ ಬಿಟ್ಟರೆ ಒಳ್ಳೆಯದಂತೆ. ಬಿಟ್ಟ ಹುಲ್ಲಿನಲ್ಲಿ ಇಲಿ ಹುಟ್ಟುತ್ತವೆ, ಕುಯ್ದ ಕಡೆ ಕಣ್ಣಿಗೆ ಬೀಳುತ್ತವೆ. ಬೂದಪ್ಪ ಹತ್ತಿರವೇ ಬೇಟೆಯಾಡಬಹುದು.

ಬೇಡ ಅಂದೆ. ಅಣ್ಣ ಬಿಟ್ಟ ಹಾಗೆಯೇ ಇರಲಿ. ಎದ್ದು ಹೋಗಿ ಹೊಲಿಗೆ ಮಷೀನಿನ ಮುಂದೆ ಕುಳಿತೆ.

ಜೂನ್ 10

ನಾಲ್ಕು ಮರಿ! ಮೇಡಂ ಫೋನಿನಲ್ಲಿ ಪಟ ತೋರಿಸಿದರು. ಹತ್ತಿ ಉಂಡೆಗಳಿಗೆ ಕೊಕ್ಕು ಸಿಕ್ಕಿಸಿದ ಹಾಗಿವೆ. ಕೊನೆಯದು ತೀರ ಸಣ್ಣದು.

ಜೂನ್ 18

ಮೂರು ದಿನದಿಂದ ಗಾಳಿ, ಮಳೆ. ಬೂದಪ್ಪ ಹೊಳೆಯಾಚೆಯಿಂದ ಬರುವಷ್ಟರಲ್ಲಿ ಕತ್ತಲಾಗುತ್ತದೆ, ಕೆಲವು ಸಲ ಬರಿಗಾಲಲ್ಲಿ ಬರುತ್ತಾನೆ. ಒಂದು ಮರಿ ಸತ್ತಿದೆ. ಸಣ್ಣದಲ್ಲ, ಅದರ ಮೇಲಿನದು.

ಮೇಡಂ, ನಮ್ಮ ಹಕ್ಕಿ ಹುಡುಗಿ, ಊಟ ಮಾಡಲಿಲ್ಲ. ನಾನೂ ಮಾಡಲಿಲ್ಲ. ಆಮೇಲೆ ಇಬ್ಬರೂ ನಿಂತುಕೊಂಡೇ ಮೊಟ್ಟೆ ಬೇಯಿಸಿಕೊಂಡು ತಿಂದೆವು.

ಜೂನ್ 19

ಬೆಳಿಗ್ಗೆ ತಮ್ಮನ ಮನೆಗೆ ಹೋಗಿ ಪಟ್ಟಿಯ ಹುಲ್ಲು ಕುಯ್ಯಲು ಹೇಳಿದೆ. ಅವನ ಹೆಂಡತಿ ನನ್ನನ್ನು ಬಾಗಿಲಲ್ಲಿ ಕಂಡು ಕೈಯಲ್ಲಿದ್ದ ಪಾತ್ರೆ ಬೀಳಿಸಿದಳು. ನಾನು ಅವರ ಮನೆಗೆ ಹೋಗಿ ಬಹಳ ದಿನವಾಗಿತ್ತಂತೆ.

ತಮ್ಮ ಕೇಳಿದ, "ಯಾವ ಅರ್ಧ ಕುಯ್ಯಲಿ?"

"ಅವನು ಮಲಗ್ತಿದ್ದ ಕಡೆ."

"ಅಕ್ಕಾ…"

"ಅಲ್ಲೇ ಇಲಿ ಜಾಸ್ತಿ ಇರೋದು. ವರ್ಷಗಟ್ಟಲೆ ಬ್ರೆಡ್ಡಿನ ಚೂರು ಉದುರಿಸಿದ್ದಾನೆ."

ಅವನು ಮುಖ ಆ ಕಡೆ ತಿರುಗಿಸಿ ಕುಡುಗೋಲು ಮಸೆಯತೊಡಗಿದ. ನಗುತ್ತಿದ್ದನೋ ಏನೋ, ಬೆನ್ನು ಅಲುಗುತ್ತಿತ್ತು.

ಜೂನ್ 24

ದಾರ ಮಿಕ್ಕಿತು. ಹುಡುಗಿ ಕತ್ತರಿಸಿ ಮಿಕ್ಕಿದ್ದನ್ನು ಉಂಡೆ ಸುತ್ತಿ ವಾಪಸ್ಸು ತಂದುಕೊಟ್ಟಳು. ಬೂದಪ್ಪ ಈಗ ಬೆಳಗಿನ ಹೊತ್ತೆಲ್ಲ ಸೋಮಾರಿ ಪಟ್ಟಿಯ ಮೇಲೇ, ನೆಲಕ್ಕೆ ತಾಗುವಷ್ಟು ಕೆಳಗೆ, ಅತ್ತ ಇತ್ತ, ಇಸ್ತ್ರಿ ಮಾಡಿದ ಹಾಗೆ ಹಾರುತ್ತಾನೆ. ಸಣ್ಣ ಮರಿಯ ಹೊಟ್ಟೆ ಉಬ್ಬಿದೆಯಂತೆ.

ಕಿಟಕಿಯ ಬಿಜಾಗರಿ ಕಿರ್ರೆನ್ನುತ್ತಿತ್ತು. ದಿನಕ್ಕೆ ಹತ್ತು ಸಲ ತೆರೆಯುವಾಗ ಕಿವಿ ಕೊರೆಯುತ್ತದೆ. ಹೊಲಿಗೆ ಮಷೀನಿನ ಎಣ್ಣೆ ಬಿಟ್ಟೆ.

ಜೂನ್ 29

ರಾತ್ರಿ ಎಂಟು. ಇವತ್ತಿನ ಕೆಲಸ ಬೇರೆ ಥರದ್ದು. ಹಾರುವ ಮುಂಚೆ ಒಂದು ಮರಿಯ ಬೆನ್ನಿಗೂ ಯಂತ್ರ ಕಟ್ಟಬೇಕಂತೆ, ಅದು ದೊಡ್ಡದಾಗಿ ಎಲ್ಲಿಗೆ ಹೋಗುತ್ತದೆ ನೋಡಲು. ಅದಕ್ಕೆ ಪಟ್ಟಿ ಹೊಲಿದುಕೊಡು ಅಂದಳು ಹುಡುಗಿ. ಜಾರುವಂಥ ನುಣ್ಣನೆಯ ಲಾಡಿ, ರೆಕ್ಕೆಯ ಬುಡ ಸುತ್ತಿ ಎದೆಯ ಮೇಲೆ ಕೂಡಬೇಕು.

ನೈಲಾನ್ ದಾರ ಪೋಣಿಸಿಕೊಂಡೆ. "ಅಯ್ಯೋ ಅದು ಬೇಡ ಅಕ್ಕಾ! ಎದೆ ಮೇಲಿನ ಹೊಲಿಗೆಗೆ ಬರೀ ಹತ್ತಿ ದಾರ."

"ಹತ್ತಿ ದಾರ ಮಳೆಗೆ ಬಿಸಿಲಿಗೆ ಲಡ್ಡು ಹಿಡಿದು ಬಿಡುತ್ತೆ ಕಣೇ."

"ಬಿಡಲಿ ಅಂತಲೇ. ಕೆಲವು ವರ್ಷ ಇದ್ದು ಆಮೇಲೆ ತಾನಾಗಿ ಬಿದ್ದುಹೋಗಬೇಕು. ಜೀವಮಾನ ಪೂರ್ತಿ ಹೊತ್ತುಕೊಂಡು ತಿರುಗೋಕಾಗುತ್ತಾ?"

ಇಷ್ಟು ವರ್ಷ ಬಿಚ್ಚಬಾರದು ಎಂದೇ ಹೊಲಿದಿದ್ದೇನೆ. ಬಿಚ್ಚಿಕೊಳ್ಳಲಿ ಎಂದು ಹೊಲಿದದ್ದು ಇದೇ ಮೊದಲು. ಕೈಗೆ ಅಭ್ಯಾಸವಿಲ್ಲ. ಮೊದಲ ಸಲ ತೀರ ಗಟ್ಟಿಯಾಯಿತು. ಬಿಚ್ಚಿ ಮತ್ತೆ ಹೊಲಿದೆ.

ಅಳತೆ ನೋಡಲು ತಮ್ಮನ ಹೆಂಡತಿ ಕೋಳಿ ತಂದಳು. ತೊಡಿಸಿ ಬಿಟ್ಟರೆ ಆ ಕೋಳಿ ದೊಡ್ಡ ಅಧಿಕಾರಿಯ ಹಾಗೆ ಎದೆ ಸೆಟೆಸಿಕೊಂಡು ಅಂಗಳವೆಲ್ಲ ಸುತ್ತಿತು. ಉಳಿದ ಕೋಳಿಗಳು ದಾರಿ ಬಿಟ್ಟವು. ನಕ್ಕು ನಕ್ಕು ಪಕ್ಕೆ ಹಿಡಿಯಿತು. ನಾಳೆ ಮೂರು ಪ್ಯಾಂಟು ಕೊಡಬೇಕು, ಒಂದೂ ಮುಗಿದಿಲ್ಲ.

ಜುಲೈ 5

ತಮ್ಮ ಬಂದು ಕುಳಿತ.

"ಕುಯಿಲು ಮಷೀನು ಎಂಟನೇ ತಾರೀಕಿಗೆ ನಮ್ಮ ಸರದಿ. ಬಿಟ್ರೆ ಮುಂದಿನ ಊರಿಗೆ ಹೋಗುತ್ತೆ, ವಾಪಸ್ಸು ಬರಲ್ಲ. ಮೋಡ ಬೇರೆ ಆಡ್ತಿದೆ. ನೆನೆದ್ರೆ ತೆನೆ ನಿಂತಲ್ಲೇ ಮೊಳಕೆ ಬರುತ್ತೆ."

ಮರಿ ಹಾರಲು ಇನ್ನೂ ಒಂದು ವಾರ ಬೇಕು. ಸಣ್ಣದಕ್ಕೆ ಅದಕ್ಕಿಂತ ಹೆಚ್ಚು. ಹುಡುಗಿ ಬಾಯಿ ತೆರೆಯುವ ಮುಂಚೆ ನಾನೇ ಅಂದೆ, "ಎಲ್ಲ ಕುಯ್ಯಿ. ಗೂಡಿನ ಸುತ್ತ ಒಂದು ಚೌಕ ಬಿಡು. ಆ ಚೌಕದ ಗೋಧಿ ನನ್ನ ಪಾಲಿನದು ಅಂದುಕೋ."

"ಪಾಲಿನ ಮಾತು ಯಾಕೆ? ಚೌಕ ಬಿಡೋಣ. ಆದ್ರೆ ಮಷೀನಿನೋನು ಆ ಎತ್ತರದಲ್ಲಿ ಕೂತು ಧೂಳಲ್ಲಿ ನೋಡ್ತಾನಾ? ಅವನಿಗೆ ತನ್ನ ಮೂಗೇ ಕಾಣಲ್ಲ."

ನಾಲ್ಕು ಮೂಲೆಗೂ ತೆಳ್ಳನೆಯ ಬಿದಿರು ಕೋಲು, ಗೂಡಿನಿಂದ ದೂರದಲ್ಲಿ, ಅಷ್ಟೇ ಸಾಕು ಎಂದಳು ಹುಡುಗಿ. ಗೂಡಿನ ಹತ್ತಿರ ಏನನ್ನೂ ನೆಡಬಾರದು, ಹಕ್ಕಿ ಇಳಿಯುವುದಿಲ್ಲ. ಅವಳಿಗೆ ನಾಳೆಯಿಂದ ಮೂರು ದಿನ ಕಾಲೇಜಿನಲ್ಲಿ ಕೆಲಸ. ಹೋಗುವಾಗ ಮೂರು ಸಲ ಅದನ್ನೇ ಹೇಳಿ ಹೋದಳು.

ಜುಲೈ 7

ಬೆಳಿಗ್ಗೆ ಕಿಟಕಿ ತೆರೆದರೆ ಹೊಲದ ನಡುವೆ ಅಣ್ಣ ನಿಂತಿದ್ದ.

ನೀಲಿ ಚೌಕಳಿಯ ಅಂಗಿ. ಎರಡೂ ಕೈ ಅಗಲಿಸಿಕೊಂಡು. ನಾನು ಕರೆದೂ ಬಿಟ್ಟೆ. ಆ ಅಂಗಿಯ ಕಾಲರ್ ಸವೆದಾಗ ತಿರುಗಿಸಿ ಹೊಲಿದವಳು ನಾನು, ದೂರದಿಂದಲೂ ನನಗೆ ಗೊತ್ತು. ಅಣ್ಣ ಕದಲಲಿಲ್ಲ. ಗಾಳಿಗೆ ಖಾಲಿ ತೋಳು ಹಾರಿತು.

ಆಮೇಲೆ ಮೇಲೆ ನೋಡಿದೆ. ಬೂದಪ್ಪ ಕಾಲಲ್ಲಿ ಇಲಿ ಹಿಡಿದು ಸುತ್ತುತ್ತಿದ್ದ. ಸುತ್ತುತ್ತಾನೆ, ಇಳಿಯಲು ನೋಡುತ್ತಾನೆ, ಅಂಗಿ ಅಲುಗಿದ ಕೂಡಲೇ ಮೇಲೇರುತ್ತಾನೆ. ಕಂದಕ್ಕ ಆಚೆ ಬೇಲಿಯ ಮೇಲೆ ಕೂತು ಒಂದೇ ಸಮನೆ ಅರಚುತ್ತಿದ್ದಳು. ಗೂಡಿಗೆ ಹೋಗುವ ಧೈರ್ಯ ಅವಳಿಗೂ ಇಲ್ಲ. ಮರಿಗಳ ಬಳಿ ಯಾರೂ ಇರಲಿಲ್ಲ. ನೋಡುತ್ತಿದ್ದ ಹಾಗೆ ಬೂದಪ್ಪ ಇಲಿ ಹಿಡಿದುಕೊಂಡೇ ಹೊಳೆಯ ಕಡೆ ಹೊರಟುಹೋದ. ಕಾಗೆಗಳು ಎರಡು, ಆಮೇಲೆ ನಾಲ್ಕು, ಬೇಲಿಗೆ ಬಂದು ಕೂತವು.

ಮನೆಯ ಚಪ್ಪಲಿಯಲ್ಲೇ ಹೋದೆ. ಗೋಧಿ ಸೊಂಟಕ್ಕೆ ಬಡಿಯುತ್ತಿತ್ತು, ತೆನೆಯ ಮುಳ್ಳು ಕೈ ಕೆರೆಯಿತು. ಗೂಡು ಕಾಣುವಷ್ಟು ಹತ್ತಿರವೇ ಕೋಲು ನೆಟ್ಟಿದ್ದ ಪುಣ್ಯಾತ್ಮ ನನ್ನ ತಮ್ಮ. ಮೂರು ಮರಿ ಬಾಯಿ ತೆರೆದುಕೊಂಡು ಬೆನ್ನಿನ ಮೇಲೆ ಬಿದ್ದು ನನಗೆ ಉಗುರು ತೋರಿಸಿದವು. ಸಣ್ಣದೂ ತೋರಿಸಿತು. ಬಾರಪ್ಪ ಬಾ ಅಂದೆ ಅಂಗಿಗೆ. ಕೋಲು ಕಿತ್ತು, ಅಂಗಿಯ ಸಮೇತ ಹೆಗಲಿಗೆ ಹಾಕಿಕೊಂಡು ಬದುವಿಗೆ ಬಂದೆ.

ತಮ್ಮ ಟ್ರ್ಯಾಕ್ಟರ್ ನಿಲ್ಲಿಸಿ ಓಡಿಬಂದ. "ಯಾಕಕ್ಕ ಕಿತ್ತೆ? ನಾಳೆ ಮಷೀನಿನೋನಿಗೆ ಕಾಣಲಿ ಅಂತ ನಿನ್ನೆ ಸಂಜೆ ಕಷ್ಟಪಟ್ಟು ನೆಟ್ಟಿದ್ದೆ!"

"ಬೆದರುಬೊಂಬೆ ಮಾಡಿ ನಿಲ್ಲಿಸಿದ್ದೀಯಲ್ಲೋ!"

"ಬೆದರುಬೊಂಬೆ ಅಲ್ಲ, ಬೋರ್ಡು ಅದು."

"ಅಂಗಿ ಹಾಕಿಕೊಂಡು ಕೈ ಚಾಚಿ ನಿಂತಿರೋ ಬೋರ್ಡಾ? ಜೀವಮಾನವೆಲ್ಲ ಹಕ್ಕಿ ಓಡಿಸೋಕೆ ಇದನ್ನೇ ಮಾಡಿದ್ದೀಯ, ಈಗ ಉಳಿಸೋಕೂ ಇದನ್ನೇ ಮಾಡಿದೆಯಾ?"

ಅವನು ಬೇಲಿ ಮೇಲಿನ ಕಾಗೆ ನೋಡಿದ, ಕಂದಕ್ಕನನ್ನು ನೋಡಿದ, ಕೋಲು ನೋಡಿದ. ಬದುವಿನ ಮೇಲೆ ಕುಸಿದು ಕೂತ. "ಕೋಲು ಕಟ್ಟಿದೆ, ಅಡ್ಡ ಕೋಲು ಕಟ್ಟಿದೆ, ಬಟ್ಟೆ ತೊಡಿಸಿದೆ. ಕೈ ತಾನಾಗಿ ಮಾಡಿಕೊಂಡು ಹೋಯ್ತು ಅಕ್ಕ. ತಲೆ ಓಡಲೇ ಇಲ್ಲ."

"ಅವನ ಅಂಗೀನೇ ಬೇಕಿತ್ತಾ?"

"ಒರೆಸೋಕೆ ಕೊಟ್ಟಿದ್ದೆ ನೀನು. ಒಂದು ಸಲವೂ ಒರೆಸೋಕಾಗ್ಲಿಲ್ಲ. ಗಂಟು ಹಾಗೇ ಇತ್ತು. ಹೊಲದಲ್ಲಾದ್ರೂ ಇರಲಿ ಅನ್ನಿಸ್ತು."

ಇಬ್ಬರೂ ಬದುವಿನ ಮೇಲೆ ಕೂತಿದ್ದೆವು. ಬಿಸಿಲು ಹಿತವಾಗಿತ್ತು. ಅಂಗಿಗೆ ಗೋಧಿಯ ವಾಸನೆ ಹಿಡಿದಿತ್ತು. ಅಣ್ಣನ ಬಗ್ಗೆ ನಾವಿಬ್ಬರೇ ಕೂತು ಮಾತಾಡಿದ್ದು ಇದೇ ಮೊದಲೆಂದು ಕಾಣುತ್ತದೆ. ದೊಡ್ಡ ಮಾತೇನಲ್ಲ, ಅವನ ಗೊರಕೆ, ಅವನ ಟೋಪಿ. ಅವನಿಗೆ ಬಲು ಇಷ್ಟವಾದ ಅಂಗಿಯಾಗಿತ್ತು ಅದು. ಮಾತಿನ ನಡುವೆ ತಮ್ಮ ನನ್ನ ತೋಳು ಹಿಡಿದು ಮೇಲೆ ತೋರಿಸಿದ. ಕಂದಕ್ಕ ಗೂಡಿಗಿಳಿದಳು. ಕಾಗೆಗಳು ಹೋದವು. ಬೂದಪ್ಪ ಬಂದದ್ದು ಮಧ್ಯಾಹ್ನ ಕಳೆದ ಮೇಲೆ, ಕಾಲಲ್ಲಿ ಎಂಥದೋ ದಪ್ಪ ಇಲಿ.

"ನಾಳೆ ಮಷೀನಿನೋನಿಗೆ ಏನು ತೋರಿಸೋದು ಹಾಗಾದ್ರೆ?" ಅಂದ ತಮ್ಮ.

"ನನ್ನನ್ನ" ಅಂದೆ.

ಜುಲೈ 8

ರಾತ್ರಿ ಒಂಬತ್ತು. ಮುಖ ಬಿಸಿಲಿಗೆ ಸುಟ್ಟಿದೆ, ಕಿವಿಯೊಳಗೂ ಹೊಟ್ಟು.

ಬೆಳಿಗ್ಗೆಯೇ ಸ್ಟೂಲು, ಛತ್ರಿ, ನೀರು, ಗುಂಡಿ ಹಾಕಲು ಎರಡು ಅಂಗಿ ತೆಗೆದುಕೊಂಡು ಹೋಗಿ, ಗೂಡಿನಿಂದ ದೂರ ಚೌಕದ ಮೂಲೆಯಲ್ಲಿ ಕೂತೆ. ಉಳಿದ ಮೂರು ಮೂಲೆಗೆ ಬಿದಿರು ಕೋಲು. ತಮ್ಮ ಚೌಕಳಿ ಅಂಗಿ ಒಗೆದು ತೊಟ್ಟುಕೊಂಡು ಬಂದಿದ್ದ. ತೋಳು ಬೆರಳು ಮುಚ್ಚುವಷ್ಟು ಉದ್ದ. ಸಂಜೆ ಬಿಚ್ಚಿ ಕೊಡು, ಗಿಡ್ಡ ಮಾಡಿಕೊಡುತ್ತೇನೆ ಅಂದೆ.

ಮಷೀನು ಮನೆಯಷ್ಟು ಎತ್ತರ. ಅದು ಹೊಲದ ಅಂಚಿನಿಂದ ಸುತ್ತು ಹಾಕುತ್ತ ಒಳಗೆ ಬರಲು ಹೊರಟಿತು. ಹಾಗೆ ಮಾಡಿದರೆ ಒಳಗಿರುವ ಪ್ರಾಣಿಗಳಿಗೆಲ್ಲ ಓಡಿಹೋಗಲು ದಾರಿಯೇ ಇರುವುದಿಲ್ಲ, ನಡುವಿನಿಂದ ಹೊರಗೆ ಹೋಗಲಿ ಎಂದು ಹುಡುಗಿ ಹೇಳಿಹೋಗಿದ್ದಳು. ತಮ್ಮ ಅಡ್ಡ ನಿಂತು ಹೇಳಿದ. ಮಷೀನಿನವನು ಮೇಲಿಂದ ಬಗ್ಗಿ ಕೂಗಿದ, "ಇಷ್ಟು ವರ್ಷದಲ್ಲಿ ನನಗೆ ಯಾರೂ ಕುಯ್ಯೋದು ಕಲಿಸಿಲ್ಲ! ಅಲ್ಲಿ ಛತ್ರಿ ಹಿಡ್ಕೊಂಡು ಕೂತಿರೋದು ಯಾರು?"

"ನಮ್ಮಕ್ಕ. ಮೂಲೆಕಲ್ಲು."

"ಕಲ್ಲು ಎದ್ದು ಓಡೋದಿಲ್ಲ ತಾನೆ?"

"ನೀನು ಸರಿಯಾಗಿ ತಿರುಗಿಸಿದ್ರೆ ಓಡಲ್ಲ!" ಎಂದು ನಾನೇ ಕೂಗಿದೆ. ಅಷ್ಟು ದೊಡ್ಡ ದನಿ ನನ್ನದೇ.

ಪ್ರತಿ ಸುತ್ತಿಗೂ ಮಷೀನು ನನ್ನ ಕಡೆಗೇ ಬರುತ್ತಿತ್ತು. ಹಲ್ಲುಗಳು ತಿರುಗುವುದು ಕಾಣುತ್ತಿತ್ತು, ನೆಲ ನಡುಗುತ್ತಿತ್ತು. ನಾನು ಛತ್ರಿ ಎತ್ತುತ್ತಿದ್ದೆ, ಅವನು ತಿರುಗಿಸುತ್ತಿದ್ದ. ಒಂದು ಸಲ ತೀರ ಹತ್ತಿರ ಬಂದು ಧೂಳಿನಲ್ಲಿ ಏನೂ ಕಾಣದಾಯಿತು. ಎದ್ದು ನಿಂತೆ, ಓಡಲಿಲ್ಲ. ಮಷೀನೇ ನಿಂತಿತು. ಅವನು ಕನ್ನಡಕ ಒರೆಸಿಕೊಂಡು, "ದಮ್ಮಯ್ಯ, ಇನ್ನೂ ಇದ್ದೀರಾ?" ಅಂದ. ಇದ್ದೀನಿ ಅಂದೆ.

ಬೂದಪ್ಪನಿಗೆ ಹಬ್ಬ. ಮಷೀನಿನ ಹಿಂದೆಯೇ ಹಾರುತ್ತ, ಬಯಲಾದ ಇಲಿಗಳನ್ನು ಒಂದರ ಮೇಲೊಂದು ಹಿಡಿದ. ಮನುಷ್ಯನಿಲ್ಲದ ಅಂಗಿಗೆ ಹೆದರಿದವನು ಮನೆಯಷ್ಟು ಎತ್ತರದ ಮಷೀನಿಗೆ ಹೆದರಲಿಲ್ಲ. ಗುಂಡಿ ಹಾಕಲು ಒಯ್ದ ಅಂಗಿಗಳಿಗೆ ಒಂದೇ ಒಂದು ಗುಂಡಿ ಹಾಕಿ ತಂದೆ.

ಸಂಜೆ ಹೊಲವೆಲ್ಲ ಬೋಳು, ನಡುವೆ ಚೌಕವೊಂದು ತಲೆ ಮೇಲಿನ ಟೋಪಿಯ ಹಾಗೆ ನಿಂತಿತ್ತು. ಒಳಗಿಂದ ಮರಿಗಳ ಕಿರುಚಾಟ. ಹಸಿವಿನದು.

ಜುಲೈ 9

ಮೈಯೆಲ್ಲ ನೋವು. ಚೆನ್ನಾಗಿ ನಿದ್ದೆ ಬಂತು. ಹುಡುಗಿ ಬಂದಳು, ಬೊಂಬೆಯ ಕಥೆ ಕೇಳಿ ಮೊದಲು ಬಿಳಿಚಿಕೊಂಡಳು, ಆಮೇಲೆ ನಕ್ಕಳು. ತಮ್ಮ ಎರಡು ದಿನ ಅವಳ ಕಣ್ಣಿಗೆ ಬೀಳುವುದಿಲ್ಲವಂತೆ.

ಜುಲೈ 11

ದೊಡ್ಡ ಮರಿಗೆ ಯಂತ್ರ ಕಟ್ಟಿದಳು. ಹಿಡಿದುಕೊಂಡವಳು ನಾನು. ಅದರೊಳಗೆ ಗುಂಡಿಗೆ ಹೊಲಿಗೆ ಮಷೀನಿನ ಹಾಗೆ ಓಡುತ್ತಿತ್ತು. ಪಟ್ಟಿ ಸರಿಯಾಗಿ ಕೂತಿತು, ಕೋಳಿಗಿಂತ ಚೆನ್ನಾಗಿ. ಹೆಬ್ಬೆರಳಿಗೆ ಕಚ್ಚಿತು.

ಜುಲೈ 15

ಎರಡು ಹಾರಿದವು. ಹಾರಿದವು ಅನ್ನುವುದು ದೊಡ್ಡ ಮಾತು, ಎದ್ದು ಬಿದ್ದವು. ಸಣ್ಣದು ಚೌಕದಲ್ಲೇ ಕೂತಿದೆ. ಬೂದಪ್ಪ ಊಟ ತಂದು ಹಾಕುವುದನ್ನು ಕಮ್ಮಿ ಮಾಡಿದ್ದಾನೆ. ಹಸಿದರೆ ಹಾರುತ್ತದೆ ಅನ್ನುತ್ತಾಳೆ ಹುಡುಗಿ. ನನಗೆ ಸಂಕಟ.

ಕಾಲುವೆಯಾಚೆ ಹುಲ್ಲುಗಾವಲಿನವರೆಗೆ ನಡೆದುಹೋಗಿ ಅಲ್ಲಿಂದ ಹುಡುಗಿಯ ದುರ್ಬೀನಿನಲ್ಲಿ ನೋಡಿದೆ. ಅಲ್ಲಿಂದ ಚೆನ್ನಾಗಿ ಕಾಣುತ್ತದೆ.

ಜುಲೈ 16

ಇಲ್ಲ.

ಜುಲೈ 17

ಇನ್ನೂ ಇಲ್ಲ. ತಮ್ಮ ಬಂದು ಚೌಕ ಕುಯ್ಯೋದು ಯಾವಾಗ ಎಂದು ಕೇಳಲಿಲ್ಲ. ಕೇಳದೆ ಇದ್ದದ್ದು ಗೊತ್ತಾಯಿತು. ತೆನೆ ಉದುರುತ್ತಿದೆ.

ಜುಲೈ 19

ಸಂಜೆ ಐದೂಕಾಲು. ಹುಡುಗಿ ಸ್ನಾನಕ್ಕೆ ಹೋಗಿದ್ದಳು, ನೋಡಿದ್ದು ನಾನೊಬ್ಬಳೇ. ಬೂದಪ್ಪ ಇಲಿ ಹಿಡಿದು ಚೌಕದ ಮೇಲೆ ಬಂದ. ಇಳಿಯಲಿಲ್ಲ. ತೇಲುತ್ತ ನಿಂತ. ಪೈರಿನಿಂದ ಸಣ್ಣದು ಎದ್ದಿತು. ರೆಕ್ಕೆ ತಪ್ಪು ತಪ್ಪಾಗಿ ಬಡಿಯುತ್ತ, ಬೀಳುತ್ತ, ಮತ್ತೆ ಏರುತ್ತ ಅವನ ಕೆಳಗೆ ಬಂತು. ಅವನು ಇಲಿ ಬಿಟ್ಟ. ಅದು ಹಿಡಿಯಲಿಲ್ಲ. ಇಲಿ ಕುಯ್ದ ಹೊಲದ ಕೂಳೆಯಲ್ಲಿ ಬಿತ್ತು, ಅದರ ಹಿಂದೆಯೇ ಮರಿಯೂ ಬಿತ್ತು. ಅಲ್ಲೇ ರೆಕ್ಕೆ ಹರಡಿ ಇಲಿಯ ಮೇಲೆ ಮುಚ್ಚಿಕೊಂಡು ತಿಂದಿತು, ಯಾರೋ ಕಿತ್ತುಕೊಳ್ಳುತ್ತಾರೆ ಎನ್ನುವ ಹಾಗೆ. ತಿಂದು ಮುಗಿಸಿ ಸೋಮಾರಿ ಪಟ್ಟಿಯವರೆಗೆ ಹಾರಿತು. ನೆಟ್ಟಗೆ.

ಬಚ್ಚಲ ಬಾಗಿಲು ಬಡಿದು ಹೇಳಿದೆ. ಒಳಗೆ ಚೊಂಬು ಬಿದ್ದ ಸದ್ದು ಕೇಳಿತು.

ಜುಲೈ 24

ಸಂಜೆ ಏಳು. ಮೂರು ದಿನದಿಂದ ಚೌಕಕ್ಕೆ ಯಾವ ಹಕ್ಕಿಯೂ ಇಳಿದಿಲ್ಲ. ರಾತ್ರಿ ಎಲ್ಲ ಸೋಮಾರಿ ಪಟ್ಟಿಯ ಕುಯ್ಯದೆ ಬಿಟ್ಟ ಹುಲ್ಲಿನಲ್ಲಿ ಮಲಗುತ್ತವೆ. ದೊಡ್ಡ ಮರಿಯ ಸೂಜಿ ಇವತ್ತು ನಕ್ಷೆಯ ಅಂಚು ದಾಟಿತು. ಏನು ಮಾಡೋಣ ಎಂದಳು ಹುಡುಗಿ. ಗೋಡೆಗೇ ಚುಚ್ಚು ಅಂದೆ.

ಇವತ್ತು ಆರು ಪ್ಯಾಂಟು ಮುಗಿಸಿ ಕೊಟ್ಟೆ. ಸಂಜೆ ಪೇಟೆಗೆ ಹೋಗಿ ಹೊಸ ದಾರದ ಉಂಡೆ ತಂದೆ, ಕೆಂಪು, ಹಸಿರು, ಹಳದಿ. ಬೂಟಿನ ಅಂಗಡಿಯವನು ನನ್ನ ಕಾಲಿನ ಅಳತೆ ತೆಗೆದ. ಬಹಳ ಹೊತ್ತು ಮಾತಾಡಿಸಿದ. ಗಿಡುಗದ ವಿಷಯ ಅವನಿಗೂ ಗೊತ್ತಾಗಿದೆ.

ತಮ್ಮ ಕುಡುಗೋಲು ಮಸೆದಿಟ್ಟಿದ್ದಾನೆ. ಮಷೀನು ಎಷ್ಟೋ ದೂರ ಹೋಗಿದೆ, ಅಷ್ಟು ಚಿಕ್ಕ ಚೌಕಕ್ಕೆ ಅದು ಬರುವುದೂ ಇಲ್ಲ. ನಾಳೆ ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಆ ಚೌಕವನ್ನು ನಾವಿಬ್ಬರೂ ಕೈಯಲ್ಲೇ ಕುಯ್ಯಬೇಕು.